ಟಾರ್ಚ್ ಫೋನಿಗೆ ಬಂದ ಬರಗಾಲ

2006ನೇ ಇಸವಿ. ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಅಲ್ಲಿನ ಒಂದು ಮೊಬೈಲ್ ಡಿಸ್ಟ್ರಿಬ್ಯೂಟರ್ ಸಂಸ್ಥೆಯಲ್ಲಿ ನಾನು ಸೇಲ್ಸ್ ಮ್ಯಾನೇಜರ್ ಆಗಿದ್ದೆ. ಡಿಸ್ಟ್ರಿಬ್ಯೂಟರ್ ಎಂದರೆ ಕಂಪನಿಗೂ ಅಂಗಡಿಗೂ ನಡುವಿನವನು. ಕಂಪನಿ ನಮಗೆ ಫೋನು ಕೊಡುತ್ತಿತ್ತು, ನಾವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಮೂವತ್ನಾಲ್ಕು ಅಂಗಡಿಗಳಿಗೆ ಹಂಚುತ್ತಿದ್ದೆವು. ಹೆಸರಿಗೆ ಮ್ಯಾನೇಜರ್, ಕೆಲಸಕ್ಕೆ ಒಂದು ಮೋಟರ್ ಬೈಕು. ದಿನಕ್ಕೆ ನೂರು ಕಿಲೋಮೀಟರ್ ಓಡಿಸಿ ಸೊಂಟ ಹಿಡಿದುಕೊಂಡು ಮನೆ ಸೇರುತ್ತಿದ್ದೆ.

ಆ ವರ್ಷ ಗೌರಿ ಹಬ್ಬಕ್ಕೆ ಮೊದಲು ಕಂಪನಿ ಒಂದು ಹೊಸ ಮಾಡೆಲ್ ಬಿಟ್ಟಿತು. ಬೆಲೆ ಸಾವಿರದ ಆರುನೂರ ಐವತ್ತು ರೂಪಾಯಿ. ಎಫ್.ಎಂ. ರೇಡಿಯೋ ಇತ್ತು, ತಲೆಯ ಮೇಲೆ ಒಂದು ಸಣ್ಣ ಟಾರ್ಚ್ ಇತ್ತು. ಬೆಂಗಳೂರಿನವರಿಗೆ ಆ ಟಾರ್ಚ್ ತಮಾಷೆ. ನಮ್ಮ ಕಡೆ ಅದೇ ಜೀವಾಳ. ಕರೆಂಟು ಹೊತ್ತಲ್ಲದ ಹೊತ್ತಿನಲ್ಲಿ ಬಂದಾಗ ಪಂಪ್‌ಸೆಟ್ ಹಾಕಲು ಹೋಗುವವನಿಗೆ ಬೇಕು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಹೆಂಗಸಿಗೆ ಬೇಕು, ಕೋಡಿಹಳ್ಳಿ ಕಡೆ ಆನೆ ಬಾರದಂತೆ ಹೊಲ ಕಾಯುವವನಿಗಂತೂ ಬೇಕೇ ಬೇಕು. ಒಂದು ವಾರದೊಳಗೆ ನಾಲ್ಕೂ ತಾಲ್ಲೂಕಿನಲ್ಲಿ "ಟಾರ್ಚ್ ಫೋನ್ ಬಂತಾ?" ಅನ್ನುವುದೇ ಮಾತು.

ಬಂದದ್ದು ಇನ್ನೂರ ನಲವತ್ತು. ಅಂಗಡಿಯವರು ಒಟ್ಟು ಕೇಳಿದ್ದು ಏಳುನೂರ ಇಪ್ಪತ್ತು.

ಹಂಚುವ ಜವಾಬ್ದಾರಿ ನನ್ನದು. ನಾನು ನ್ಯಾಯವಂತ ಎಂಬ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಕೇಳಿದ್ದರಲ್ಲಿ ಮೂರಕ್ಕೊಂದರಂತೆ ಎಲ್ಲರಿಗೂ ಕೊಟ್ಟೆ. ಮುಖ ನೋಡಿ ಮಣೆ ಹಾಕಲಿಲ್ಲ. ಚನ್ನಪಟ್ಟಣದ ನಂಜುಂಡಪ್ಪ ನಮ್ಮ ಅತಿ ದೊಡ್ಡ ವ್ಯಾಪಾರಿ, ನೂರೆಂಬತ್ತು ಕೇಳಿದ್ದ, ಅರವತ್ತು ಹೋಯಿತು. ಮಾಗಡಿ ತಾಲ್ಲೂಕು ತಿಪ್ಪಸಂದ್ರದ ಜಯಮ್ಮ ಎಲ್ಲರಿಗಿಂತ ಚಿಕ್ಕ ವ್ಯಾಪಾರಿ, ಹನ್ನೆರಡು ಕೇಳಿದ್ದರು, ನಾಲ್ಕು ಹೋಯಿತು. ಇದಕ್ಕಿಂತ ಸರಿಯಾದ ಹಂಚಿಕೆ ಇನ್ನೇನಿದೆ ಎಂದುಕೊಂಡು ಅವತ್ತು ಊಟ ಮಾಡಿ ಸುಖವಾಗಿ ನಿದ್ದೆ ಮಾಡಿದೆ.

ಹತ್ತನೇ ದಿನ ಕನಕಪುರ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಆಸಾಮಿ ಚೀಲದಲ್ಲಿ ಅದೇ ಫೋನು ಇಟ್ಟುಕೊಂಡು ಎರಡು ಸಾವಿರದ ನೂರಕ್ಕೆ ಮಾರುತ್ತಿದ್ದ. ಸಿನಿಮಾ ಟಿಕೆಟ್ ಬ್ಲಾಕಿನಲ್ಲಿ ಮಾರುವುದು ಕಂಡಿದ್ದೆ, ಫೋನು ಮಾರುವುದನ್ನು ಅವತ್ತೇ ಕಂಡದ್ದು. ಗಿರಾಕಿಯಂತೆ ಹೋಗಿ ಡಬ್ಬ ತಿರುಗಿಸಿ ನೋಡಿದೆ. ಪ್ರತಿ ಫೋನಿಗೂ ಐ.ಎಂ.ಇ.ಐ. ಎಂಬ ಹದಿನೈದು ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ, ಡಬ್ಬದ ಮೇಲೂ ಅಚ್ಚಾಗಿರುತ್ತದೆ. ಯಾವ ಸಂಖ್ಯೆ ಯಾವ ಅಂಗಡಿಗೆ ಹೋಯಿತು ಎಂದು ನಾವು ಬರೆದಿಡುತ್ತಿದ್ದೆವು. ಆಫೀಸಿಗೆ ಬಂದು ನೋಡಿದರೆ, ನಂಜುಂಡಪ್ಪನಿಗೆ ಹೋದ ಮಾಲು. ಅರವತ್ತರಲ್ಲಿ ತನ್ನ ಗಿರಾಕಿಗಳಿಗೆ ಒಂದಷ್ಟು ಇಟ್ಟುಕೊಂಡು, ಮಿಕ್ಕಿದ್ದನ್ನು ಇಂಥ ಚೀಲದವರಿಗೆ ಕೈ ಬದಲಿಸಿದ್ದ. ನನಗೆ ಮೈ ಉರಿಯಿತು.

ಮರುದಿನವೇ ಜಯಮ್ಮ ಎರಡು ಬಸ್ಸು ಬದಲಿಸಿ ಆಫೀಸಿಗೆ ಬಂದರು. ನಲವತ್ತರ ಆಸುಪಾಸು ವಯಸ್ಸು. ತಿಪ್ಪಸಂದ್ರದಲ್ಲಿ ಎಸ್.ಟಿ.ಡಿ. ಬೂತ್ ಇಟ್ಟಿದ್ದವರು. ಮೊಬೈಲು ಬಂದು ಬೂತು ಬಡವಾದ ಮೇಲೆ, ಅದೇ ಕೋಣೆಯಲ್ಲಿ ಫೋನು, ಸಿಮ್ಮು ಮಾರಲು ಶುರು ಮಾಡಿದ್ದರು. ಕೋಣೆ ಅವರ ಮೈದುನನದು. ಅವನಿಗೆ ಅಲ್ಲಿ ಗೊಬ್ಬರದ ಅಂಗಡಿ ಇಡುವ ಆಸೆ. ದೀಪಾವಳಿವರೆಗೆ ನೋಡುತ್ತೇನೆ, ಆಮೇಲೆ ಜಾಗ ಬಿಡಬೇಕು ಎಂದು ಹೇಳಿಬಿಟ್ಟಿದ್ದ. ಇದನ್ನೆಲ್ಲ ಅವರು ಅಳುತ್ತಾ ಹೇಳಲಿಲ್ಲ, ಜಗಳಕ್ಕೆ ಬಂದವರಂತೆ ಹೇಳಿದರು.

"ಹನ್ನೆರಡು ಜನ್ರ ಹೆಸ್ರು ಬರ್ಕಂಡಿವ್ನಿ ಸಾರ್. ನಾಕು ಬಂದವೆ. ಯಾರ್ಗೆ ಕೊಡ್ಲಿ, ಯಾರ್ಗೆ ಬುಡ್ಲಿ ನೀವೇ ಹೇಳಿ. ಆ ಎಂಟು ಜನ ನನ್ ಮಾತು ನಂಬಿ ಕೂತವ್ರೆ. ಅವ್ರು ಬ್ಯಾರೆ ಕಡೆ ಹೋದ್ರೆ ನನ್ ಅಂಗ್ಡಿ ಮುಗೀತು."

"ಎಲ್ಲರಿಗೂ ಮೂರಕ್ಕೊಂದೇ ಅಮ್ಮ. ನಿಯಮ ಎಲ್ಲರಿಗೂ ಒಂದೇ."

"ಚನ್ನಪಟ್ಣಕ್ಕೆ ಅರವತ್ತು ಹೋಗವೆ ಅಂದ್ರು?"

"ಅವರು ನೂರೆಂಬತ್ತು ಕೇಳಿದ್ದರು."

ಜಯಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. "ಅಂಗಾದ್ರೆ ನಾನೂ ಮೂವತ್ತಾರು ಅಂತ ಸುಳ್ಳು ಬರ್ದಿದ್ರೆ ಹನ್ನೆರಡು ಬತ್ತಿದ್ವು. ಅದ್ನ ಮೊದ್ಲೇ ಹೇಳ್ಬಾರ್ದಿತ್ತಾ ಸಾರ್?"

ಅವರು ಬಿಡಲಿಲ್ಲ. "ನೀವು ಕಂಪ್ನಿಗೆ ಎಷ್ಟು ಅಂತ ಬರ್ದಿದ್ರಿ?"

ನಾನು ಯಾವುದೋ ಫೈಲು ಹುಡುಕುವವನಂತೆ ಬೀರುವಿನ ಕಡೆ ತಿರುಗಿದೆ. ಅಂಗಡಿಯವರು ಕೇಳಿದ್ದು ಏಳುನೂರ ಇಪ್ಪತ್ತು. ನಾನು ಕಂಪನಿಗೆ ಬರೆದದ್ದು ಸಾವಿರದ ಇನ್ನೂರು. ಕಂಪನಿ ಹೇಗೂ ಐದರಲ್ಲಿ ಒಂದು ಭಾಗ ಕೊಡುತ್ತದೆ ಎಂದು ಗೊತ್ತಿತ್ತು, ಅದಕ್ಕೇ ಏರಿಸಿದ್ದೆ. ನಂಜುಂಡಪ್ಪನ ಮೇಲೆ ಹಿಂದಿನ ದಿನ ಉರಿದುಬಿದ್ದವನು ನಾನೇ. ತನ್ನ ಬೆನ್ನು ತನಗೆ ಕಾಣುವುದಿಲ್ಲ ಅನ್ನುವುದು ಸುಳ್ಳಲ್ಲ. ನನಗೆ ಆದ ನಾಚಿಕೆ ಇಷ್ಟು ವರ್ಷದ ಮೇಲೂ ನೆನಪಿದೆ.

ಮುಂದಿನ ತಿಂಗಳು ಮತ್ತೆ ಇನ್ನೂರ ನಲವತ್ತು ಬರುವುದಿತ್ತು. ಈ ಸಲ ಹೀಗೆ ಆಗಕೂಡದು ಎಂದು ಹಟ ಹಿಡಿದೆ. ಎಲ್ಲ ಅಂಗಡಿಗೂ ಹೊಸ ನಿಯಮ ಕಳಿಸಿದೆ: ಸಂಖ್ಯೆ ಬರೆಯಬೇಡಿ, ಕಾದಿರುವ ಗಿರಾಕಿಗಳ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು ಬರೆಯಿರಿ. ಇದು ಜಯಮ್ಮನ ಪದ್ಧತಿ, ನನ್ನ ಬುದ್ಧಿಯಲ್ಲ.

ಎಂಟು ದಿನದಲ್ಲಿ ಪಟ್ಟಿಗಳು ಬಂದವು. ಒಟ್ಟು ಆರುನೂರ ಎಂಬತ್ತು ಹೆಸರು! ನಂಜುಂಡಪ್ಪನದು ಈಗಲೂ ಸರಿಯಾಗಿ ನೂರೆಂಬತ್ತು, ದುಂಡಗಿನ ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದೆ. ಎರಡು ಸಲ ಓದಿದ ಮೇಲೆ ಅನುಮಾನ ಬಂತು. ಗಂಡ, ಹೆಂಡತಿ, ಮಗ, ಸೊಸೆ, ಆಮೇಲೆ ಪಕ್ಕದ ಮನೆಯ ಗಂಡ, ಹೆಂಡತಿ, ಮಗ. ಫೋನಿಗೆ ಆಸೆಪಟ್ಟವರು ಹೀಗೆ ಮನೆ ನಂಬರಿನ ಪ್ರಕಾರ ಸಾಲಾಗಿ ಬರುತ್ತಾರೆಯೇ? ಪುಣ್ಯಾತ್ಮ ಮತದಾರರ ಪಟ್ಟಿಯನ್ನೇ ಇಳಿಸಿಬಿಟ್ಟಿದ್ದ, ಅದೂ ಹಳೆಯದನ್ನು.

ಅನುಮಾನ ಸಾಲದು, ಸಾಕ್ಷಿ ಬೇಕು. ಪ್ರತಿ ಪಟ್ಟಿಯಲ್ಲಿ ಹತ್ತು ಹೆಸರು ಆರಿಸಿಕೊಂಡೆ, ಚಿಕ್ಕ ಪಟ್ಟಿಯಾದರೆ ಪೂರ್ತಿ. ಹನ್ನೊಂದು ದಿನ ಬೈಕಿನಲ್ಲಿ ಊರೂರು ತಿರುಗಿದೆ. ನಂಜುಂಡಪ್ಪನ ಪಟ್ಟಿಯಲ್ಲಿದ್ದ ಕೂಟಗಲ್ಲಿನ ಮರೀಗೌಡರ ಮನೆಗೆ ಹೋದಾಗ ಜಗಲಿಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಸೊಪ್ಪು ಸೋಸುತ್ತಿದ್ದರು.

"ಮರೀಗೌಡ್ರು ಇದ್ದಾರಾ ತಾಯಿ?"

"ಅವ್ರೆ. ತೋಟದ ಬದೀಲಿ ಮಲಗವ್ರೆ. ಎಲ್ಡು ವರ್ಸ ಆಯ್ತು."

ಟಾರ್ಚ್ ಫೋನಿಗೆ ಹೆಸರು ಕೊಟ್ಟಿದ್ದಾರಂತೆ ಎಂದು ತಡವರಿಸಿದೆ.

"ಅಂಗಾ? ಬದುಕಿದ್ದಾಗ ತೌರಿಗೋದ್ರೆ ಒಂದ್ ಕಾಗ್ದ ಬರ್ದೋರಲ್ಲ ನಮ್ಮೆಜಮಾನ್ರು. ಈಗ ಪೋನ್ ಮಾಡ್ತಾರಂತಾ?" ಎಂದು ಆಕೆ ನಕ್ಕು, ನನಗೆ ಮಜ್ಜಿಗೆ ಕೊಟ್ಟು ಕಳಿಸಿದರು.

ಎಲ್ಲ ಮುಗಿಸಿ ಕೂತು ಲೆಕ್ಕ ಹಾಕಿದೆ. ನಂಜುಂಡಪ್ಪನ ಹತ್ತರಲ್ಲಿ ಮೂರು ನಿಜ, ಅಂದರೆ ನೂರೆಂಬತ್ತರಲ್ಲಿ ಸುಮಾರು ಐವತ್ನಾಲ್ಕು. ಜಯಮ್ಮನ ಮಿಕ್ಕ ಎಂಟಕ್ಕೆ ಎಂಟೂ ನಿಜ. ಹೀಗೆ ಎಲ್ಲರದನ್ನೂ ಕೂಡಿಸಿದಾಗ ಬಂದದ್ದು ಇನ್ನೂರ ಐವತ್ತೆರಡು. ತಪ್ಪಿರಬೇಕು ಎಂದು ಮತ್ತೆ ಕೂಡಿಸಿದೆ. ಅಷ್ಟೇ ಬಂತು. ಬರಲಿರುವ ಮಾಲು ಇನ್ನೂರ ನಲವತ್ತು. ನಾಲ್ಕು ತಾಲ್ಲೂಕಿನ ತಲೆ ಕೆಡಿಸಿದ್ದ ಆ ಬರಗಾಲ ನಿಜಕ್ಕೂ ಹನ್ನೆರಡು ಫೋನಿನದು. ಮಿಕ್ಕಿದ್ದೆಲ್ಲ ನಾವೇ ಹುಟ್ಟಿಸಿದ್ದು. ಸಿಗುವುದಿಲ್ಲ ಎಂದು ಹೆಚ್ಚಿನವರು ಮೂರು ಪಟ್ಟು ಕೇಳಿದರು, ಮೂರು ಪಟ್ಟು ಕೇಳಿದ್ದರಿಂದ ಸಿಗಲಿಲ್ಲ. ಆ ಸಂದಿಯಲ್ಲಿ ಬ್ಲಾಕಿನವನು ಚೀಲ ತೆರೆದ.

ನಮ್ಮ ಸಂಸ್ಥೆಯ ಯಜಮಾನರಿಗೆ ಹೇಳಿದೆ. ಆ ಹನ್ನೆರಡೂ ನಂಜುಂಡಪ್ಪನ ಪಾಲಿನಲ್ಲಿ ಕಡಿತ, ಅವನಿಗೆ ನಲವತ್ತೆರಡು, ಮಿಕ್ಕವರಿಗೆಲ್ಲ ಪೂರ್ತಿ ಎಂದೆ. ಅವರು ಒಳ್ಳೆಯ ಮನುಷ್ಯರೇ, ಆದರೆ ಹೆದರಿದರು. "ಅವನು ಮುನಿಸ್ಕೊಂಡು ಬೇರೆ ಕಂಪನಿ ಮಾಲು ಹಿಡಿದ್ರೆ ನಿಮ್ಮ ಸಂಬಳ ತಿಪ್ಪಸಂದ್ರದಿಂದ ಬರುತ್ತೇನ್ರಿ?"

"ಬರದಿದ್ರೆ ನನ್ನನ್ನು ಕಳಿಸಿಬಿಡಿ ಸಾರ್. ಹಂಚೋದು ಮಾತ್ರ ಹೀಗೇ" ಎಂದೆ. ಮನೆಯಲ್ಲಿ ಇಬ್ಬರು ಮಕ್ಕಳ ಶಾಲೆಯ ಫೀಸು ಕಾದಿತ್ತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಕೈ ಕೊಡವಿ, "ಏನಾದ್ರೂ ಮಾಡ್ಕೊಳ್ಳಿ" ಎಂದರು.

ಮಾಲು ಬಂದ ದಿನ ಅಂಗಡಿಯವರನ್ನೆಲ್ಲ ಆಫೀಸಿಗೆ ಕರೆಸಿದೆ. ಹಂಚಿಕೆ ಅಲ್ಲಿಯವರೆಗೆ ಫೋನಿನಲ್ಲಿ, ಒಬ್ಬೊಬ್ಬರೊಡನೆ ಗುಟ್ಟಾಗಿ ನಡೆಯುತ್ತಿತ್ತು. ನಮ್ಮ ಆಫೀಸಿನಿಂದ ಕೂಗಳತೆಯಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ. ಅಲ್ಲಿ ರೈತ ಗೂಡನ್ನು ಎಲ್ಲರ ಕಣ್ಣೆದುರು ಸುರಿಯುತ್ತಾನೆ, ಹರಾಜು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಾರೆ. ದಿನಾ ಅದರ ಮುಂದೆ ಓಡಾಡಿದ ನನಗೆ ಇಷ್ಟು ದಿನ ಹೊಳೆದಿರಲಿಲ್ಲ. ಡಬ್ಬಗಳನ್ನು ಮೇಜಿನ ಮೇಲೆ ಜೋಡಿಸಿ, ಯಾರ ಪಟ್ಟಿ ಎಷ್ಟು, ನಿಜ ಎಷ್ಟು, ಪಾಲು ಎಷ್ಟು ಎಂದು ಗಟ್ಟಿಯಾಗಿ ಓದಿದೆ.

ಮರೀಗೌಡರ ಕಥೆಯನ್ನೂ ಹೇಳಿದೆ, ಯಾರ ಪಟ್ಟಿ ಎಂದು ಮಾತ್ರ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನಂಜುಂಡಪ್ಪ ಎದ್ದು ನಿಂತ. "ನಮ್ಮುಡುಗ್ರು ಬರ್ದಿದ್ದು ಸಾರ್, ನಂಗೊತ್ತಿಲ್ಲ. ನಲವತ್ತೆರಡ್ರಲ್ಲಿ ಯಾಪಾರ ಆಯ್ತದಾ? ನಾನು ಬ್ಯಾರೆ ಕಂಪ್ನಿ ನೋಡ್ಕೊತೀನಿ."

"ನೋಡ್ಕೊಳ್ಳಿ ನಂಜುಂಡಪ್ಪನೋರೆ. ಐವತ್ನಾಲ್ಕು ಮಂದಿ ಕಾದಿರೋದು ಮಾತ್ರ ಈ ಫೋನಿಗೆ" ಎಂದೆ. ಅವನು ಹೊರಡಲಿಲ್ಲ.

ಕೊನೆಗೆ ಜಯಮ್ಮನ ಸರದಿ. ಎಂಟು ಡಬ್ಬ ಎಣಿಸಿ ಮುಂದಿಟ್ಟೆ. ಅವರು ಚೀಲಕ್ಕೆ ಆರು ಹಾಕಿಕೊಂಡು ಎರಡನ್ನು ನನ್ನ ಕಡೆಗೇ ಸರಿಸಿದರು.

"ಆರು ಸಾಕು ಸಾರ್. ಇಬ್ರು ಕಾದು ಕಾದು ಮೊನ್ನೆ ಬ್ಲಾಕಲ್ಲಿ ತಗಂಡ್ಬುಟ್ರು."

ಬಾಗಿಲಾಚೆ ಹೋದರೆ ಆ ಎರಡು ಡಬ್ಬಕ್ಕೆ ಒಂಬೈನೂರು ರೂಪಾಯಿ ಹೆಚ್ಚಿಗೆ ಸಿಗುತ್ತಿತ್ತು. ಅಲ್ಲಿದ್ದ ಮೂವತ್ತಮೂರು ಜನಕ್ಕೂ ಅದು ಗೊತ್ತು. ಜಯಮ್ಮನಿಗೂ ಗೊತ್ತು. ನಂಜುಂಡಪ್ಪ ತಡಮಾಡದೆ ಕೈ ಚಾಚಿದ. "ಅವೆರಡು ನಂಗೆ ಕೊಡಿ ಸಾರ್."

ಜಯಮ್ಮ ಅವನ ಕಡೆ ತಿರುಗಿ, "ಯಾರ್ಗಣ್ಣ? ಇರೋರ್ಗಾ, ಹೋದೋರ್ಗಾ?" ಎಂದರು.

ಹಾಲ್ ಬಿರಿಯುವಂತೆ ನಕ್ಕಿತು. ನಂಜುಂಡಪ್ಪನ ಮುಖ ಮೊದಲು ಕೆಂಪಾಯಿತು, ಆಮೇಲೆ ಅವನೂ ನಕ್ಕ. "ಇರೋರ್ಗೇ ಕಣವ್ವ" ಎಂದು, ಇಬ್ಬರು ಗಿರಾಕಿಗಳ ಹೆಸರು, ಊರು, ಮನೆಯ ಗುರುತು ಹೇಳಿದ ಮೇಲೆಯೇ ಅವನಿಗೆ ಆ ಎರಡು ಸಿಕ್ಕವು. ಅಂಥವನು ಪೂರ್ತಿ ಬದಲಾದ ಎಂದು ನಾನು ಹೇಳುವುದಿಲ್ಲ. ಮುಂದಿನ ತಿಂಗಳು ಎಪ್ಪತ್ತು ಹೆಸರು ಬರೆದ, ನಿಜ ಐವತ್ತೆರಡಿತ್ತು. ಅಷ್ಟು ಸುಳ್ಳು ವ್ಯಾಪಾರದಲ್ಲಿ ನಡೆಯುತ್ತದೆ.

ನನಗೆ ಇನ್ನೊಂದು ಕೆಲಸ ಬಾಕಿ ಇತ್ತು. ಮುಂದಿನ ತಿಂಗಳಿಗೆ ಕಂಪನಿಗೆ ಇನ್ನೂರ ಅರವತ್ತು ಎಂದೇ ಬರೆದು, ಪಟ್ಟಿಗಳ ಕಟ್ಟು ಹೊತ್ತು ಬೆಂಗಳೂರಿಗೆ ನಾನೇ ಹೋದೆ. ಅಲ್ಲಿನ ರೀಜನಲ್ ಮ್ಯಾನೇಜರ್, "ನಿಮಗೆ ತಲೆ ಸರಿ ಇದೆಯಾ? ಬೇರೆ ಏರಿಯಾದವರು ಸಾವಿರ ಸಾವಿರ ಕೇಳ್ತಿದ್ದಾರೆ" ಎಂದರು. ನೂರೈವತ್ತು ಮಾತ್ರ ಕೊಟ್ಟರು. ಆ ತಿಂಗಳ ಟಾರ್ಗೆಟ್ ಮುಟ್ಟಲಿಲ್ಲ, ನನ್ನ ಇನ್ಸೆಂಟಿವ್ ಹೋಯಿತು, ಮನೆಯಲ್ಲಿ ಬೈಸಿಕೊಂಡೆ. ದೀಪಾವಳಿ ಕಳೆದ ಮೇಲೆ ಕಂಪನಿ ಕೇಳಿದಷ್ಟೂ ಮಾಲು ಸುರಿಯಿತು. ಸಾವಿರ ಕೇಳಿದವರಿಗೆ ನಿಜಕ್ಕೂ ಸಾವಿರ ಬಂತು, ಅಸಲಿಗಿಂತ ಕಡಿಮೆಗೆ ಮಾರಿ ಗೋಡೌನ್ ಖಾಲಿ ಮಾಡಿದರು. ಬಸ್ ಸ್ಟ್ಯಾಂಡಿನ ಆಸಾಮಿ ಚೀಲದ ಫೋನನ್ನು ಸಾವಿರದ ಐನೂರಕ್ಕೆ ಕೊಡುತ್ತೇನೆಂದರೂ ಕೇಳುವವರಿರಲಿಲ್ಲ. ನನಗೆ ಖುಷಿಯಾಯಿತು, ಯಾಕೆ ಮುಚ್ಚಿಡಲಿ.

ಕಾದಿದ್ದ ಗಿರಾಕಿಗಳು ಕೈಬಿಡದ್ದರಿಂದ ವ್ಯಾಪಾರ ನಿಂತುಕೊಂಡು, ಜಯಮ್ಮನ ಕೋಣೆ ಜಯಮ್ಮನಿಗೇ ಉಳಿಯಿತು. ಗೊಬ್ಬರದ ಅಂಗಡಿ ಇಡಬೇಕೆಂದಿದ್ದ ಮೈದುನ ದೀಪಾವಳಿಗೆ ಮೊದಲು ತಾನೇ ಒಂದು ಟಾರ್ಚ್ ಫೋನು ಕೇಳಿದನಂತೆ. "ಹೆಸ್ರು ಬರ್ಸಪ್ಪ, ನಿನ್ನ ಮುಂದೆ ಐದು ಜನ ಅವ್ರೆ" ಎಂದು ಒಂದು ತಿಂಗಳು ಕಾಯಿಸಿದರಂತೆ.

ಆಮೇಲೆ ಹದಿನಾಲ್ಕು ವರ್ಷ ಈ ಕೆಲಸ ಮಾಡಿದೆ, ಹತ್ತಾರು ಹೊಸ ಮಾಡೆಲ್‌ಗಳು ಬಂದವು. ಪ್ರತಿ ಸಲವೂ ಮಾಲು ಕಡಿಮೆ, ಕೂಗು ಜಾಸ್ತಿ. ಬ್ಲಾಕಿನವನನ್ನು ಬೈಯುವುದು ಸುಲಭ. ಆದರೆ ಸುಳ್ಳು ಹೇಳಿದವನಿಗೆ ಹೆಚ್ಚು ಸಿಗುವ ನಿಯಮ ಮಾಡಿ ಬ್ಲಾಕಿನವನಿಗೆ ಬಾಗಿಲು ತೆರೆದವನು ನಾನು. ಆ ಸಭೆಯಾದ ದಿನದಿಂದ ನಿವೃತ್ತನಾಗುವವರೆಗೆ ಯಾವ ಅಂಗಡಿಯವರನ್ನೂ "ಎಷ್ಟು ಬೇಕು?" ಎಂದು ಕೇಳಲಿಲ್ಲ. "ಯಾರಿಗೆ ಬೇಕು?" ಎಂದೇ ಕೇಳಿದೆ.