ಇಸ್ತ್ರಿ ಹಾಕಿದ ಊಟ

ಬೆಳಗಿನ ಐದೂವರೆ. ಶಾಲೆಯ ಅಡುಗೆಮನೆಯಲ್ಲಿ ಒಲೆ ಹಚ್ಚುವ ಮೊದಲೇ ಇಸ್ತ್ರಿ ಪೆಟ್ಟಿಗೆ ಕಾದಿದೆ. ಕಾಗದದ ಪೊಟ್ಟಣದ ಬಾಯಿಗೆ ಅಡುಗೆಯಾಕೆ ಹಿಟ್ಟಿನ ಅಂಟು ಸವರುತ್ತಾರೆ. ಎದುರು ಕೂತ ಗಂಡ ಅದರ ಮೇಲೆ ಪೆಟ್ಟಿಗೆ ಎಳೆಯುತ್ತಾರೆ. ಚುಂಯ್ ಎನ್ನುತ್ತದೆ, ಬಾಯಿ ಮುಚ್ಚುತ್ತದೆ. ನೂರಾ ಅರವತ್ತು ಮಕ್ಕಳಿಗೆ ನೂರಾ ಅರವತ್ತು ಪೊಟ್ಟಣ.

“ಅಂಚು ಸೊಟ್ಟಗಿದೆ ರೀ.”

“ನಲವತ್ತು ವರ್ಷ ಊರವರ ಅಂಗಿಗೆ ಇಸ್ತ್ರಿ ಹಾಕಿದೀನಿ. ಯಾರೂ ಸೊಟ್ಟ ಅಂದಿಲ್ಲ.”

“ಅಂಗಿ ತಿನ್ನೋ ಗಿರಾಕಿ ನಿಮಗೆ ಸಿಕ್ಕಿರಲಿಲ್ಲ, ಅದಕ್ಕೆ.”

ಪೊಟ್ಟಣದೊಳಗೆ ಇರುವುದು ನೂಡಲ್ಸ್. ಅಂಗಡಿಯದಲ್ಲ. ಗೋಧಿ ಹಿಟ್ಟಿಗೆ ಬೇಯಿಸಿ ರುಬ್ಬಿದ ಕ್ಯಾರೆಟ್, ಸೊಪ್ಪು, ಬೇಳೆ ಸೇರಿಸಿ ನಾದಿ, ತೆಳ್ಳಗೆ ಎಳೆ ಒತ್ತಿ, ಹಬೆಯಲ್ಲಿ ಬೇಯಿಸಿ, ಹಿಂದಿನ ದಿನವೇ ಒಣಗಿಸಿಟ್ಟದ್ದು. ಜೊತೆಗೆ ಎರಡು ಬೆರಳಗಲದ ಮರಿ ಪೊಟ್ಟಣ. ಅದರಲ್ಲಿ ಒಣಗಿಸಿದ ಟೊಮೆಟೊ, ಬೆಳ್ಳುಳ್ಳಿ, ಮೆಣಸಿನ ಪುಡಿ. ದಿನಕ್ಕೆ ಎಂಟು ಕಿಲೋ ಹಿಟ್ಟು, ಐದು ಕಿಲೋ ಕ್ಯಾರೆಟ್, ಹತ್ತು ಕಟ್ಟು ಸೊಪ್ಪು ಬೇಕು.

ಮಕ್ಕಳು ಆಕೆಯನ್ನು ಕರೆಯುವುದೇ ‘ಪ್ಯಾಕೆಟ್ ಅಜ್ಜಿ’ ಎಂದು. ಹನ್ನೊಂದು ವರ್ಷದಿಂದ ಇಲ್ಲಿ ಅಡುಗೆ. ಮೊದಲೆಲ್ಲ ತರಕಾರಿ ಬೇಯಿಸಿ ತಟ್ಟೆಗೆ ಹಾಕಿ, “ಆರೋಗ್ಯಕ್ಕೆ ಒಳ್ಳೇದು, ತಿನ್ನಿ ಮಕ್ಕಳೇ” ಎನ್ನುತ್ತಿದ್ದರು. ಅದೇ ತಪ್ಪಾಯಿತು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಮಕ್ಕಳು ಮೂಗು ಮುರಿದು ತಟ್ಟೆಯನ್ನು ಬಕೆಟ್ಟಿಗೆ ಬಗ್ಗಿಸುತ್ತಿದ್ದರು. ದಿನಕ್ಕೆ ಹದಿನಾಲ್ಕು ಕಿಲೋ ಎಂಜಲು. ಕೊನೆಗೆ ಶಾಲೆಯೂಟ ನೋಡಿಕೊಳ್ಳುವ ಕಚೇರಿಯಿಂದ ಕಾಗದ ಬಂತು: ಅಡುಗೆಮನೆ ಮುಚ್ಚುತ್ತೇವೆ, ಇನ್ನು ಕಂಪನಿಯ ಪ್ಯಾಕೆಟ್ ಊಟ.

ಆಕೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಆ ಕಚೇರಿಯ ಮೇಲ್ವಿಚಾರಕರ ಮೇಜಿನ ಮುಂದೆ ನಿಂತುಬಿಟ್ಟರು. “ಒಂದು ತಿಂಗಳು ಕೊಡಿ ಸಾರ್. ಕೊನೇ ದಿನ ಬಕೆಟ್ಟು ತೂಗಿ. ಎಂಜಲು ಒಂದು ಕಿಲೋ ಮೀರಿದ್ರೆ ಬೀಗದ ಕೈ ನಾನೇ ತಂದುಕೊಡ್ತೀನಿ.”

ದಾರಿ ತೋರಿಸಿದ್ದು ಐದು ವರ್ಷದ ಮೊಮ್ಮಗಳು. ಮಗಳು ಪಾಳಿ ಮುಗಿಸಿ ಸುಸ್ತಾಗಿ ಬಂದ ದಿನ ಆ ಮಗುವಿಗೆ ಅಂಗಡಿಯ ಪ್ಯಾಕೆಟ್ಟೇ ಊಟ.

“ಮಗಳನ್ನ ಯಾಕೆ ಬೈಯಲಿ?” ಪತ್ರಿಕೆಗೆ ಬರೆಯಲು ಬಂದ ನಮ್ಮನ್ನೇ ಅಜ್ಜಿ ಕೇಳುತ್ತಾರೆ. “ದುಡಿದು ಬಂದಿರ್ತಾಳೆ. ನಾನು ಮೊಮ್ಮಗಳ ಕೈ ನೋಡ್ತಾ ಕೂತೆ. ಪರ್ ಅಂತ ಹರಿಯೋದು, ಪುಡಿ ಮಾಡೋದು, ಮಸಾಲೆ ಉದುರಿಸೋದು. ಅಷ್ಟರಲ್ಲೇ ಅವಳ ಅರ್ಧ ಹೊಟ್ಟೆ ತುಂಬಿತ್ತು. ಕಂಪನಿಯವರಿಗೆ ಗೊತ್ತಿರೋ ಗುಟ್ಟು ನನಗ್ಯಾಕೆ ಗೊತ್ತಾಗಬಾರದು?”

ಮಂಡಿನೋವಿಗೆ ಇಸ್ತ್ರಿ ಅಂಗಡಿ ಮುಚ್ಚಿ ಮನೆ ಸೇರಿದ್ದ ಗಂಡನನ್ನು ಪೆಟ್ಟಿಗೆ ಸಮೇತ ಎಬ್ಬಿಸಿಕೊಂಡು ಬಂದರು.

ಇಂದು ಆ ತಿಂಗಳ ಕೊನೆಯ ದಿನ. ಮಧ್ಯಾಹ್ನ ಊಟದ ಕೋಣೆಯಲ್ಲಿ ಪೊಟ್ಟಣಗಳೆಲ್ಲ ಒಮ್ಮೆಗೇ ಪರ್ ಎನ್ನುತ್ತವೆ. ಬಟ್ಟಲಿಗೆ ಮುರಿದು ಹಾಕಿದ ಎಳೆಗಳ ಮೇಲೆ ಅಜ್ಜಿ ತರಕಾರಿ ಬೆಂದ ಬಿಸಿನೀರು ಸುರಿಯುತ್ತಾ ಹೋಗುತ್ತಾರೆ.

“ಅಜ್ಜೀ, ನಂದು ಹರೀತಾನೇ ಇಲ್ಲ!”

“ಹಲ್ಲು ಹಾಕು ಮರಿ. ಮತ್ತೆ ಯಾಕಿದೆ ಅದು?”

ಊಟ ಮುಗಿದ ಮೇಲೆ ಮೇಲ್ವಿಚಾರಕರು ತಾವೇ ಬಕೆಟ್ಟನ್ನು ತಕ್ಕಡಿಗೆ ಇಡುತ್ತಾರೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡುತ್ತಾರೆ. ಬಕೆಟ್ಟಿನ ತೂಕ ಕಳೆದರೆ ಆರುನೂರು ಗ್ರಾಂ.

“ಆಯ್ತಮ್ಮ, ಗೆದ್ರಿ. ಅಡುಗೆಮನೆ ಇರುತ್ತೆ.” ಹೀಗೆಂದವರೇ ಚೀಲದಿಂದ ಒಂದು ಸುರುಳಿ ಬಿಚ್ಚುತ್ತಾರೆ. ಗೆಲ್ಲುತ್ತಾರೆಂದು ಮೊದಲೇ ಬರೆಸಿಟ್ಟಿದ್ದರೇನೋ. ಗೋಡೆಗೆ ಅಂಟಿಸಲು ದೊಡ್ಡಕ್ಷರದ ಹಾಳೆ: ‘ಸೊಪ್ಪು ತರಕಾರಿಯ ಆರೋಗ್ಯಕರ ನೂಡಲ್ಸ್’.

ಅಜ್ಜಿ ಹಾಳೆಯನ್ನು ಕಿತ್ತುಕೊಳ್ಳುತ್ತಾರೆ. “ಇದನ್ನ ಅಂಟಿಸಿದ ದಿನ ಹದಿನಾಲ್ಕು ಕಿಲೋ ವಾಪಸ್ ಬರುತ್ತೆ ಸಾರ್. ಈ ಮಾತು ಇಲ್ಲಿ ಯಾರೂ ಆಡೋ ಹಾಗಿಲ್ಲ. ನೀವೂ ಅಷ್ಟೇ.”

ಗಂಡ ಹಾಳೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರೆ. “ಒಳ್ಳೇ ದಪ್ಪಗಿದೆ. ಇಸ್ತ್ರಿ ಕೆಳಗೆ ಹಾಸೋಕೆ ಆಗುತ್ತೆ.” ಅಕ್ಷರ ಕೆಳಮುಖ ಮಾಡಿ ಮೇಜಿಗೆ ಹಾಸಿಯೂ ಬಿಡುತ್ತಾರೆ.

ಹೊರಟ ನಮಗೆ ಅಜ್ಜಿ ಹೇಳುವ ಆಸೆ ಒಂದೇ. “ಪೇಪರಲ್ಲಿ ಬರೀರಿ, ಬೇಡ ಅನ್ನಲ್ಲ. ಅದನ್ನ ಓದಿದ ಅಮ್ಮಂದಿರು ಮಕ್ಕಳ ಮುಂದೆ ಬಾಯಿ ಬಿಡದೆ ಇದ್ರೆ ಸಾಕು.”