ಅಡ್ಡಿಯಿಲ್ಲ ಎಂದ ಊರುಗಳಲ್ಲಿ ಮೂರು ದಿನ

ಬೆಳಗ್ಗೆ ಆರಕ್ಕೆ ತುಮಕೂರು ಬಿಟ್ಟೆವು. ನಮ್ಮದೇ ಮಾರುತಿ ವ್ಯಾನು, ಓಡಿಸುವವರು ನಮ್ಮ ಯಜಮಾನರು, ಹಿಂದೆ ಮಡಚಿಟ್ಟ ಗಾಲಿಕುರ್ಚಿ. ಪೋಲಿಯೋ ಬಂದ ಕಾಲಿಗೆ ಊರುಗೋಲು ಸಾಲದಾಗಿ ಎರಡು ವರ್ಷದ ಹಿಂದೆ ಈ ಕುರ್ಚಿ ಕೊಂಡೆ. ಅಂದಿನಿಂದ ಮದುವೆಯೋ ಮುಂಜಿಯೋ, ಎಲ್ಲಿ ಹೋದರೂ ಯಾರಾದರೂ ನನ್ನನ್ನು ಎತ್ತುತ್ತಾರೆ. ನಲವತ್ತಾರು ವರ್ಷದ ಹೈಸ್ಕೂಲು ಮೇಡಂ ಅಕ್ಕಿ ಮೂಟೆಯ ಹಾಗೆ ಮೇಲೇಳುವುದು ನೋಡುವವರಿಗೆ ಹೇಗೋ ಏನೋ, ನನಗಂತೂ ಸಾಕಾಗಿತ್ತು. ಈ ಪ್ರವಾಸದಲ್ಲಿ ಒಂದು ಸಲವಾದರೂ ಲಾಡ್ಜಿನ ಕೋಣೆಗೆ ನಾನೇ ಹೋಗಿ, ನಾನೇ ಸ್ನಾನ ಮಾಡಬೇಕು. ತುಂಗಭದ್ರೆ, ಕಾಗಿನೆಲೆ ಎಲ್ಲ ಅದಾದ ಮೇಲೆ.

ಅದಕ್ಕೆಂದೇ ರಾಣೆಬೆನ್ನೂರಿನ ಲಾಡ್ಜಿಗೆ ಮೊದಲೇ ಫೋನ್ ಮಾಡಿದ್ದೆ. "ಗಾಲಿಕುರ್ಚೀಲಿ ಬರ್ತೀನಿ, ಆಗುತ್ತಾ?" ಎಂದು ಕೇಳಿದರೆ, "ಅಡ್ಡಿಯಿಲ್ರಿ, ಬರ್ರಿ" ಎಂಬ ಉತ್ತರ ಬಂತು. ದಾರಿಗೆ ಅಡ್ಡವಾಗಿ ಏನೂ ಇಲ್ಲ ಎಂದುಕೊಂಡು ಡೈರಿಯಲ್ಲಿ ಬರೆದಿಟ್ಟೆ.

ಹನ್ನೊಂದು ಗಂಟೆಗೆ ಆ ಲಾಡ್ಜಿನ ಮುಂದೆ ಇಳಿದಾಗ ಒಂಬತ್ತು ಮೆಟ್ಟಿಲು ಎಣಿಸಿದೆ. ಮ್ಯಾನೇಜರು ನಗುತ್ತಾ ಬಂದರು.

"ಅಡ್ಡಿಯಿಲ್ಲ ಅಂದಿದ್ರಲ್ಲ?"

"ಹೌದ್ರಿ. ಈಗೂ ಅಡ್ಡಿಯಿಲ್ಲ."

"ಮತ್ತೆ ಈ ಮೆಟ್ಟಿಲು?"

"ಪಾವಟಿಗಿ ಇದ್ರೇನಾತ್ರಿ ಅಕ್ಕಾರ, ನಾಕು ಮಂದಿ ಅದೀವಿ, ಎತ್ತತೀವಿ."

ನಾನು ಬೇಡ ಎನ್ನುವಷ್ಟರಲ್ಲಿ ಕುರ್ಚಿ ಸಮೇತ ಎತ್ತಿಯೇಬಿಟ್ಟರು. ಈ ಕಡೆ ಅಡ್ಡಿಯಿಲ್ಲ ಎಂದರೆ 'ಪರವಾಗಿಲ್ಲ, ಆಗಲಿ' ಎಂದಷ್ಟೇ ಅರ್ಥ ಎಂದು ಒಂಬತ್ತನೇ ಮೆಟ್ಟಿಲು ಮುಟ್ಟುವ ಹೊತ್ತಿಗೆ ತಿಳಿಯಿತು. ಬಚ್ಚಲಿನ ಬಾಗಿಲು ಕುರ್ಚಿಗಿಂತ ಒಂದು ಗೇಣು ಕಿರಿದು. ರೊಟ್ಟಿ, ಶೇಂಗಾ ಚಟ್ನಿ ಕೋಣೆಗೇ ಬಂತು. ತಂದವರು ಸ್ವಲ್ಪ ಹೊತ್ತು ಬಿಟ್ಟು "ಊಟ ಅಡ್ಡಿಯಿಲ್ಲೇನ್ರಿ?" ಎಂದು ಕೇಳಿದರು. ಊಟಕ್ಕೆ ಅಡ್ಡಿ ಏನಿರುತ್ತದೆ ಎಂದು ಮತ್ತೆ ಗಲಿಬಿಲಿಯಾಯಿತು. ಊಟ ಹಿಡಿಸಿತೇ ಎಂದು ಕೇಳಿದ್ದಂತೆ. ಸಂಜೆ ಐರಣಿಗೆ ಹೋಗಿ ತುಂಗಭದ್ರೆಯನ್ನು ವ್ಯಾನಿನ ಕಿಟಕಿಯಿಂದಲೇ ನೋಡಿ ಬಂದೆವು.

ಹಾವೇರಿಯ ಲಾಡ್ಜಿಗೆ ಫೋನ್ ಮಾಡುವಾಗ ಹುಷಾರಾದೆ. "ಮೆಟ್ಟಿಲು ಎಷ್ಟು?" ಎಂದು ಕೇಳಿದೆ. "ಒಂದೂ ಇಲ್ರಿ" ಎಂದರು. ಅದು ನಿಜವೇ ಆಗಿತ್ತು. ರಸ್ತೆಯ ಮಟ್ಟಕ್ಕೇ ಬಾಗಿಲು. ಆದರೆ ಬಾಗಿಲಿಗೆ ಅರ್ಧ ಅಡಿ ಎತ್ತರದ ಹೊಸ್ತಿಲು, ಅದಕ್ಕೆ ಅರಿಸಿನ ಕುಂಕುಮ, ಮುಂದೆ ರಂಗೋಲಿ. ಯಜಮಾನರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಮುಂದಿನ ಚಕ್ರ ಹತ್ತಿಸಲು ನೋಡಿದರು. ಒಳಗೆ ಕೂತಿದ್ದ ಮಾಲೀಕರ ತಾಯಿ ಎದ್ದು ಬಂದರು.

"ಹೊಸ್ತಲಾ ತುಳೀಬ್ಯಾಡ್ರಿ."

"ನಾನು ತುಳೀತಿಲ್ಲಮ್ಮ, ಚಕ್ರ ಅಷ್ಟೇ."

"ಚಕ್ರನ ನಿಮ್ಮ ಕಾಲ ಅಲ್ಲೇನ್ರಿ ಮತ್ತ?"

ನನ್ನ ಕುರ್ಚಿಯನ್ನು ನನ್ನ ಕಾಲೆಂದು ಇಷ್ಟು ಸಲೀಸಾಗಿ ಒಪ್ಪಿಕೊಂಡವರು ಅವರೊಬ್ಬರೇ. ಖುಷಿಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಕೂತೆ. ಅಷ್ಟರಲ್ಲಿ ಪಕ್ಕದ ಅಂಗಡಿಯವರೂ ಕೈ ಹಾಕಿ, ಹೊಸ್ತಿಲಿಗೆ ಚಕ್ರ ತಾಗದಂತೆ ನನ್ನನ್ನು ಎತ್ತಿ ಒಳಗಿಟ್ಟರು. ಎರಡನೇ ದಿನವೂ ಮುಗಿದಂತಾಯಿತು.

ಮೂರನೇ ದಿನ ಕಾಗಿನೆಲೆ ನೋಡಿಕೊಂಡು ಮಧ್ಯಾಹ್ನ ಬ್ಯಾಡಗಿಗೆ ಬಂದೆವು. ಮೆಣಸಿನಕಾಯಿಯ ಕಾಲ, ಊರಿಗೆ ಊರೇ ಸೀನುತ್ತಿತ್ತು. ವ್ಯಾಪಾರಿಗಳು ಇಳಿದುಕೊಳ್ಳುವ ಒಂದು ಹಳೆಯ ಲಾಡ್ಜಿಗೆ ಹೋದೆವು, ದಿನಕ್ಕೆ ಇನ್ನೂರು ರೂಪಾಯಿ. ಮಾಲೀಕರು ಬಸಣ್ಣ, ಅರವತ್ತು ದಾಟಿದವರು. "ಮ್ಯಾಲ ಚೊಲೊ ಖೋಲಿ ಅದಾವ್ರಿ" ಎಂದು ಹಮಾಲರನ್ನು ಕರೆಯಲು ಹೊರಟರು. ನನ್ನ ಕಣ್ಣು ಅಂಗಳದ ಆಚೆ ಬಿದ್ದಿತ್ತು. ಅಲ್ಲೊಂದು ಅಗಲವಾದ ಬಾಗಿಲು. ಕೈಗಾಡಿ ಹತ್ತಲೆಂದು ಸಿಮೆಂಟಿನ ಇಳಿಜಾರು. ಹೊಸ್ತಿಲೇ ಇಲ್ಲ.

"ಅದು ಯಾವ ಕೋಣೆ?"

"ಅದು ಖೋಲಿ ಅಲ್ರಿ ಅಕ್ಕಾರ, ಚೀಲಾ ಇಡೂ ಜಾಗಾ. ನಿಮ್ಮಂಥಾರನ್ನ ಅಲ್ಲಿ ಇಟ್ರ ಮಂದಿ ನನಗೇನಂದಾರು?"

ಅವರು ಮಾತು ಮುಗಿಸುವಷ್ಟರಲ್ಲಿ ನಾನು ಚಕ್ರ ತಿರುಗಿಸಿ ಇಳಿಜಾರು ಹತ್ತಿಬಿಟ್ಟಿದ್ದೆ. ಒಳಗೆ ಚೀಲಗಳಿರಲಿಲ್ಲ, ಘಾಟು ಮಾತ್ರ ಉಳಿದಿತ್ತು. ಹಿಂದೆ ಹಮಾಲರು ಮೈ ತೊಳೆಯುವ ಜಾಗ: ಸಮನಾದ ನೆಲ, ಒಂದು ನಲ್ಲಿ, ಅಗಲವಾದ ತಗಡಿನ ಬಾಗಿಲು. ಬಸಣ್ಣ ತಲೆ ಕೆರೆದುಕೊಳ್ಳುತ್ತಾ ಒಂದು ಮಂಚ ಹಾಕಿಸಿ, ಬಕೆಟ್ಟು, ಪ್ಲಾಸ್ಟಿಕ್ ಸ್ಟೂಲು ಕೊಟ್ಟರು. ಸ್ಟೂಲಿಗೆ ನಾನೇ ಜರುಗಿ ಕೂತು, ಬಾಗಿಲು ಹಾಕಿಕೊಂಡು, ಸೀನುತ್ತಾ ಸೀನುತ್ತಾ ಸ್ನಾನ ಮಾಡಿದೆ. "ಬರಲೇನೆ?" ಎಂದು ಯಜಮಾನರು ಹೊರಗಿನಿಂದ ಎರಡು ಸಲ ಕೂಗಿದರು. ಬೇಡ ಎಂದೆ. ಸಂತೋಷಕ್ಕೇ ಅತ್ತೆ, ಘಾಟಿನ ನೆಪವೂ ಇತ್ತು.

ಮರುದಿನ ಬೆಳಗ್ಗೆ ಹೊರಡುವಾಗ ಬಸಣ್ಣ ಇನ್ನೂ ಸಂಕೋಚದಲ್ಲೇ ಇದ್ದರು.

"ಮುಂದಿನ ಸಲಾ ಬರೂದ್ರೊಳಗ ಈ ಜಾಗಾ ನಿಮಗಂತ ಖೋಲಿ ಮಾಡಸ್ತೀನ್ರಿ. ಬಣ್ಣಾ ಹೊಡಸಿ, ಸಾಗವಾನಿ ಹೊಸ್ತಲಾ ಕೂಡಸ್ತೀನಿ."

"ಅಯ್ಯೋ, ಹೊಸ್ತಿಲು ಬೇಡ."

"ಹೊಸ್ತಲಾ ಇಲ್ದಿದ್ದು ಖೋಲಿ ಹ್ಯಾಂಗಾಕ್ಕೈತ್ರಿ?"

ನಾನು ಕುರ್ಚಿ ತಿರುಗಿಸಿ ಮತ್ತೊಮ್ಮೆ ಒಳಗೆ ಹೋಗಿ ಹೊರಗೆ ಬಂದೆ. ಬಸಣ್ಣ ನನ್ನ ಮುಖ ನೋಡಲಿಲ್ಲ, ಚಕ್ರ ನೋಡಿದರು. ಆಮೇಲೆ ಬಾಗಿಲ ಕೆಳಗಿನ ಬರಿಯ ನೆಲವನ್ನು ಬಹಳ ಹೊತ್ತು ನೋಡಿದರು.

"ಹೊಸ್ತಲಾ ಇಲ್ದಿದ್ರ ಅಡ್ಡಿಯಿಲ್ರಿ" ಎಂದರು.

ನಾನು ಕುರ್ಚಿ ಉರುಳಿಸಿಕೊಂಡು ವ್ಯಾನಿನ ಹತ್ತಿರ ಬಂದೆ.