ಅಂಬಿಗನ ಕೈ ನಡುಗಿದ್ದು

ತಿಂಗಳ ಮೊದಲ ಭಾನುವಾರಕ್ಕೆ ಹಿಂದಿನ ದಿನ, ಶನಿವಾರ, ಬೆಳಿಗ್ಗೆ ಹತ್ತೂಕಾಲು. ಪುಟ್ಟೇನಹಳ್ಳಿಯ ನಮ್ಮ ಮನೆಯ ಊಟದ ಮೇಜು. ಇದ್ದವರು ನಾನು ಮತ್ತು ನನ್ನ ಯಜಮಾನರು.

ಶನಿವಾರದ ಈ ಹೊತ್ತು ಓದಿಗೆ ಮೀಸಲು. ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಮಕ್ಕಳಿಗಾಗಿ ಮಾಯಾಲೋಕದ ಕಾದಂಬರಿಗಳನ್ನು ಬರೆಯುತ್ತೇನೆ. ವಾರದಲ್ಲಿ ಬರೆದದ್ದನ್ನು ಶನಿವಾರ ಗಟ್ಟಿಯಾಗಿ ಓದುತ್ತೇನೆ; ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಅವರು ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ಕಂಡಕ್ಟರ್ ಸೀಟಿ ಊದಿದ ಲೆಕ್ಕದಲ್ಲೇ ಮೇಜಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಮುಂದೆ ಹೋಗು. ಕಾರಣ ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ.

ಈ ಪುಸ್ತಕದ ನಾಯಕ ಒಬ್ಬ ಅಂಬಿಗ. ನದಿ ಬತ್ತಿ ಮಂಜಾಗಿಬಿಟ್ಟಿದೆ, ದೋಣಿ ನಡೆಯುವುದಿಲ್ಲ. ಆಚೆ ದಡದ ಕತ್ತಲೆಯ ಪಟ್ಟಣಕ್ಕೆ ಅವನು ಒಂದು ಬಟ್ಟಲು ಬೆಳಕನ್ನು ಹಗ್ಗದ ಸೇತುವೆಯ ಮೇಲೆ ಹೊತ್ತೊಯ್ಯಬೇಕು. ಬೆಳಕು ಆ ಲೋಕದಲ್ಲಿ ನೀರಿನಂತೆ ತುಳುಕುತ್ತದೆ. ಅಂಬಿಗನನ್ನು ನಾನು ಎಲ್ಲಿಂದ ತಂದೆ ಎಂಬುದು ಮನೆಯಲ್ಲಿ ಗುಟ್ಟೇನಲ್ಲ. ಇವರು ಬನಶಂಕರಿಯ ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ, ನಿಂತಿದ್ದ ಹೆಂಗಸಿನ ಕೈಯಲ್ಲಿದ್ದ ಮೊಸರಿನ ಡಬ್ಬಿ ತುಳುಕುತ್ತಿರಲಿಲ್ಲ. ಇದು ಕೇಳಿದ ಮಾತಲ್ಲ, ಡಬ್ಬಿ ನನ್ನದೇ.

ಪ್ರತಿ ಪಾತ್ರಕ್ಕೂ ನಾನೊಂದು ಕೇಸ್ ಶೀಟ್ ಬರೆದಿಡುತ್ತೇನೆ. ವಯಸ್ಸು, ಊಟ, ನಿದ್ದೆ, ನೋವು, ಭಯ. ರೋಗಿ ಬಾಯಿ ಬಿಟ್ಟು ಹೇಳದ ತೊಂದರೆಯನ್ನು ಬರೆಯಬಾರದು ಎಂದು ತರಬೇತಿಯಲ್ಲಿ ಕಲಿಸಿದ್ದರು. ಅದರಂತೆ ಅಂಬಿಗನಿಗೆ ನೋವು ನಿಲ್, ಭಯ ನಿಲ್, ಅಂದರೆ ಏನೂ ಇಲ್ಲ ಎಂದು ಬರೆದಿದ್ದೆ.

ಅಂದು ಹನ್ನೊಂದನೇ ಅಧ್ಯಾಯ. ಸೇತುವೆ ಅಲುಗಿತು, ಅಂಬಿಗನ ಕೈ ಮಾತ್ರ ಅಲುಗಲಿಲ್ಲ ಎಂದು ಓದಿದೆ. ಮೇಜಿನ ಮೇಲೆ ಒಂದು ತಟ್ಟು. ಆಮೇಲೆ ಬೆರಳು ತಾನಾಗಿಯೇ ಇನ್ನೂ ನಾಲ್ಕಾರು ಸಲ ತಟ್ಟಿತು. ಅವರು ಆ ಕೈಯನ್ನು ಇನ್ನೊಂದರಿಂದ ಹಿಡಿದು ತೊಡೆಯ ಮೇಲೆ ಇಳಿಸಿಕೊಂಡರು.

ನಡುಕ ಶುರುವಾಗಿ ಒಂದು ವರ್ಷವಾಗಿತ್ತು. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನಾನು ಒಂದು ಹೊತ್ತೂ ತಪ್ಪಿಸಿರಲಿಲ್ಲ. ನಡುಕದ ಮಾತನ್ನು ಮಾತ್ರ ನಾವಿಬ್ಬರೂ ಎತ್ತಿರಲಿಲ್ಲ.

"ಯಾಕ್ರೀ?"

"ಇವನ್ಯಾರು?"

"ನೀವೇ. ಗೊತ್ತಿಲ್ವಾ?"

"ನಾನಲ್ಲ. ಇವನು ರಿಟೈರ್ ಆಗೋಕ್ ಮುಂಚಿನವನು."

ನಾನು ನಕ್ಕೆ. ಅವರು ನಗಲಿಲ್ಲ. "ಸಿಸ್ಟರ್, ನಾಳೆ ತಟ್ಟೆ ನಾನು ಹಿಡಿಯಲ್ಲ. ಅಯ್ನೋರಿಗೆ ನೀನೇ ಫೋನ್ ಮಾಡಿ ಹೇಳ್ಬಿಡು."

ಬೇಸರವಾದಾಗ ಅವರು ವಾರ್ಡಿನವರಂತೆ ನನ್ನನ್ನು ಸಿಸ್ಟರ್ ಎನ್ನುತ್ತಾರೆ. ಅಯ್ನೋರು ಎಂದರೆ ನಮ್ಮ ಪಾದ್ರಿಗಳು, ತಟ್ಟೆ ಎಂದರೆ ಪ್ರಭುಭೋಜನದ್ದು. ಜಯನಗರದ ನಮ್ಮ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ದ್ರಾಕ್ಷಾರಸವನ್ನು ಹೆಬ್ಬೆರಳಷ್ಟು ಉದ್ದದ ಗಾಜಿನ ಲೋಟಗಳಲ್ಲಿ ತುಂಬುತ್ತಾರೆ. ಇಬ್ಬರು ಹಿರಿಯರು ತಟ್ಟೆ ಹಿಡಿದು ಸಾಲು ಸಾಲಾಗಿ ಕೊಡುತ್ತಾ ಬರುತ್ತಾರೆ. ಎಷ್ಟೋ ವರ್ಷಗಳಿಂದ ಎಡಗಡೆಯ ಸಾಲುಗಳು ಇವರವು. ಹೋದ ತಿಂಗಳು ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದ್ದವು. ಎಲ್ಲರೂ ಮೌನವಾಗಿ ಕೂತಿದ್ದರಿಂದ ಕೊನೆಯ ಬೆಂಚಿಗೂ ಕೇಳಿಸಿತು. ನಾನು ಕಣ್ಣು ಮುಚ್ಚಿ, ಪ್ರಾರ್ಥನೆಯಲ್ಲಿದ್ದವಳಂತೆ ಕೂತಿದ್ದೆ.

"ಚೆಲ್ಲಿಲ್ವಲ್ಲ," ಎಂದೆ.

"ಚೆಲ್ಲೋವರ್ಗೂ ಕಾಯ್ಬೇಕಾ? ನಿನ್ ಅಂಬಿಗನ್ನ ಕಳ್ಸು. ಅವನ ಕೈ ಅಲ್ಲಾಡಲ್ಲ."

ನಾನು ಪ್ರೀತಿಯಿಂದ ಬರೆದಿದ್ದೆ. ಇವಳಿಗೆ ಬೇಕಾಗಿರುವುದು ಆ ಹಳೆಯ ಮನುಷ್ಯ ಎಂದು ಅವರಿಗೆ ಕೇಳಿಸಿತ್ತು. ಅವರು ಒಮ್ಮೆ ತಟ್ಟೆ ಕೆಳಗಿಟ್ಟರೆ ಮತ್ತೆ ಎತ್ತುವುದಿಲ್ಲವೆಂದು ನನಗೆ ಗೊತ್ತಿತ್ತು.

ಅಂಬಿಗನ ಕೇಸ್ ಶೀಟ್ ತಂದು ಮುಂದಿಟ್ಟೆ. ಭಯ ಎಂಬಲ್ಲಿದ್ದ ನಿಲ್ ಅನ್ನು ಹೊಡೆದುಹಾಕಿದೆ. "ಹೇಳಿ, ಏನ್ ಬರೀಲಿ?"

"ಅವನಿಗಾ, ನನಗಾ?"

"ಇಬ್ರಿಗೂ ಒಂದೇ ಶೀಟು."

ಅವರು ಕಿಟಕಿಯ ಕಡೆ ತಿರುಗಿದರು. "ಚೆಲ್ಲಿದ್ರೆ ಬೈಯೋದಿಲ್ಲ ಯಾರೂ. ಅಯ್ಯೋ ಪಾಪ ಅಂತಾರೆ. ಅದೇ ಭಯ," ಎಂದರು. ಹಾಗೆಯೇ ಬರೆದುಕೊಂಡೆ.

ನಾಯಕನಿಗೆ ಯಾರ ಆಸರೆಯೂ ಬೇಡವೆಂದು ನನಗೆ ಯಾರು ಹೇಳಿಕೊಟ್ಟರೋ ಕಾಣೆ. ನಾನು ನಂಬಿದ ಸ್ವಾಮಿ ಸೆರೆಯಾಗುವ ರಾತ್ರಿ ತೋಟದಲ್ಲಿ ಕಳವಳಪಟ್ಟು, ಜೊತೆಗೆ ಎಚ್ಚರವಾಗಿರಿ ಎಂದು ಸ್ನೇಹಿತರನ್ನು ಕೇಳಿಕೊಂಡವರು. ಮರುದಿನ ಅವರ ಶಿಲುಬೆಗೆ ದಾರಿಹೋಕನೊಬ್ಬ ಹೆಗಲು ಕೊಡಬೇಕಾಯಿತು. ಪ್ರತಿ ವರ್ಷ ಶುಭ ಶುಕ್ರವಾರ ಉಪವಾಸವಿದ್ದು ಚರ್ಚಿನಲ್ಲಿ ಇದನ್ನು ಕೇಳುತ್ತೇನೆ. ಆದರೂ ಅಂಬಿಗನನ್ನು ಒಬ್ಬಂಟಿಯಾಗಿ ಸೇತುವೆ ಹತ್ತಿಸಿದ್ದೆ.

ಹನ್ನೆರಡೂವರೆಯೊಳಗೆ ಆ ಪುಟ ತಿದ್ದಿದೆ. ಸೇತುವೆಯ ನಡುವೆ ಅಂಬಿಗನ ಕೈ ನಡುಗುತ್ತದೆ. ಹಿಂದೆ ಬರುತ್ತಿದ್ದ ಉಪ್ಪು ಮಾರುವ ಮುದುಕಿಯನ್ನು ಕರೆದು, ನನ್ನ ಮೊಣಕೈ ಹಿಡಿದುಕೋ ಎನ್ನುತ್ತಾನೆ. ಈ ವಯಸ್ಸಿನಲ್ಲಿ ನನಗೆ ಇದೂ ಒಂದು ಕೆಲಸವೇ ಎಂದು ಗೊಣಗುತ್ತಾ ಅವಳು ಹಿಡಿದುಕೊಳ್ಳುತ್ತಾಳೆ. ಓದಿ ಮುಗಿಸಿದೆ. ಎರಡು ತಟ್ಟು.

"ಮುದುಕಿ ಯಾರು ಅಂತ ಗೊತ್ತಾಯ್ತು," ಎಂದರು.

"ಹೆಂಗೆ?"

"ಗೊಣಗೋದ್ರಲ್ಲೇ."

ಊಟವಾದ ಮೇಲೆ ಅವರೇ ಫೋನ್ ತೆಗೆದುಕೊಂಡರು. ಮಾಡಿದ್ದು ಅಯ್ಯನವರಿಗಲ್ಲ, ಬಲಗಡೆಯ ಸಾಲುಗಳನ್ನು ನೋಡಿಕೊಳ್ಳುವ ವಿಲ್ಸನ್ ಗಾರ್ಡನ್ನಿನ ಗೆಳೆಯರಿಗೆ. "ನಾಳೆ ನನ್ ತಟ್ಟೆಗೆ ಇನ್ನೊಂದ್ ಕಡೆ ನೀನ್ ಕೈ ಕೊಡ್ಬೇಕು ಗುರು. ಮೊದ್ಲು ನನ್ ಸಾಲು ಮುಗ್ಸೋಣ, ಆಮೇಲೆ ನಿಂದು. ಲೇಟಾಗತ್ತಾ? ಆಗ್ಲಿ ಬಿಡು, ಯಾರಿಗ್ ಬಸ್ ಹೋಗ್ತಿದೆ."

ಫೋನ್ ಇಟ್ಟವರು ನನ್ನ ಕಡೆ ತಿರುಗದೆಯೇ ಹೇಳಿದರು: "ಇನ್ನೊಂದಿದೆ. ತೋಳಿನ ಗುಂಡಿ ಹಾಕ್ಕೊಳ್ಳೋಕಾಗ್ತಿಲ್ಲ ಕಣೇ. ಮೂರ್ ತಿಂಗಳಾಯ್ತು. ಅದಕ್ಕೇ ಮಡಚ್ಕೊಂಡು ಹೋಗ್ತಿರೋದು."

ಸೆಖೆಗೆ ಮಡಚುತ್ತಾರೆಂದು ನಾನು ತಿಳಿದಿದ್ದೆ.

ಬಿಳಿಯ ತುಂಬುತೋಳಿನ ಅಂಗಿ ತಂದೆ. ಎರಡೂ ತೋಳಿನ ಗುಂಡಿಗಳನ್ನು ಕಿತ್ತು, ಒಳಗೆ ಪ್ರೆಸ್ ಬಟನ್ ಹೊಲಿದೆ. ನೋಡುವವರಿಗೆ ವ್ಯತ್ಯಾಸ ಕಾಣದಂತೆ ಹಳೆಯ ಗುಂಡಿಗಳನ್ನು ಮೇಲೆ ಕೂರಿಸಿದೆ. ಅವರು ತೊಟ್ಟುಕೊಂಡು, ತೋಳನ್ನು ಮೇಜಿಗೆ ಒತ್ತಿ ಹಿಡಿದು ಅದುಮಿದರು. ಮೊದಲ ಸಲ ಜಾರಿತು, ಎರಡನೇ ಸಲ ಕೂತಿತು. ಬಿಚ್ಚಿಸಿಕೊಂಡು ಇಸ್ತ್ರಿ ಮಾಡಿ, ಸಂಜೆ ಆರೂವರೆಗೆ ಅಂಗಿಯನ್ನು ಮರುದಿನಕ್ಕೆಂದು ಹ್ಯಾಂಗರಿಗೆ ಹಾಕಿದೆ.